ಓತಿ ಇರಲಿ, ಮಂದಣ್ಣನನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಪೂರ್ಣಚಂದ್ರ ತೇಜಸ್ವಿ ಅವರ ಕಥೆಗಳಲ್ಲಿ ಬದುಕು ಹೇಗೆ ಬರುತ್ತದೆ, ಅದರ ಬಗ್ಗೆ ನಾಲ್ಕು ಮಾತು ಆಡಿ ಅಂತ ನನ್ನನ್ನು ಕರೆದಿದ್ದಾರೆ. ಈಗ ಕೇಳುತ್ತಿರುವವರಲ್ಲಿ ಅವರ ಅಭಿಮಾನಿಗಳೇ ಜಾಸ್ತಿ ಅಂದುಕೊಂಡಿದ್ದೇನೆ. ಕಾಲೇಜಿನಲ್ಲಿ 'ಕರ್ವಾಲೊ' ಓದಿ ರಾತ್ರಿಯೆಲ್ಲ ನಿದ್ದೆ ಕೆಡಿಸಿಕೊಂಡವರು, ಬೈಕು ಹತ್ತಿ ಮೂಡಿಗೆರೆಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದವರು, ಅಲ್ವಾ? ನಿಮಗೆ ನಾನು ಹೇಳುವುದು ಒಂದೇ ಮಾತು. ಓತಿಯನ್ನು ಸ್ವಲ್ಪ ಹೊತ್ತು ಬಿಡಿ. ಮಂದಣ್ಣನನ್ನು ನೋಡಿ.

ಓದದೇ ಇರುವವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. 'ಕರ್ವಾಲೊ' 1980ರ ಕಾದಂಬರಿ. ಕಥೆ ಹೇಳುವವನು ಮೂಡಿಗೆರೆ ಕಡೆಯ ಒಬ್ಬ ರೈತ. ಅವನ ಜೊತೆಗೆ ಅವನ ನಾಯಿ ಕಿವಿ, ವಿಜ್ಞಾನಿ ಕರ್ವಾಲೊ, ಬಿರ್ಯಾನಿ ಕರಿಯಪ್ಪ, ಪ್ರಭಾಕರ, ಆಮೇಲೆ ಜೇನಿನ ಹುಚ್ಚಿನ ಮಂದಣ್ಣ. ಇವರೆಲ್ಲ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಕೊನೆಗೆ ಅದು ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ಕಣಿವೆಯ ಕಡೆ ತೇಲಿಕೊಂಡು ಹೋಗಿ ಮಾಯವಾಗುತ್ತದೆ.

ಅಭಿಮಾನಿಗಳು ಎಲ್ಲಿ ಸೇರಿದರೂ ಚರ್ಚೆ ಇಲ್ಲಿಂದಲೇ ಶುರು. ಓತಿ ಅಂದರೆ ಏನು? ಸತ್ಯವಾ, ದೇವರಾ, ಮೋಕ್ಷವಾ?

ಒಂದು ಸಲ ಇಂಥದೇ ಒಂದು ಕೂಟಕ್ಕೆ ನನ್ನನ್ನು ಕರೆದಿದ್ದರು. ಶಾಲೆಯ ಒಂದು ಕೋಣೆ, ಮಕ್ಕಳ ಬೆಂಚುಗಳ ಮೇಲೆ ಮಂಡಿ ಮಡಚಿ ಕೂತ ದೊಡ್ಡವರು. ಒಬ್ಬ ನಿವೃತ್ತ ಮೇಷ್ಟ್ರು ಎದ್ದು ಓತಿ ಅಂದರೆ ಪರಮಾತ್ಮ ಅಂದರು. ಹಿಂದಿನ ಬೆಂಚಿನ ಹುಡುಗ, ಇಲ್ಲ ಸಾರ್, ಅದು ಜೀವವಿಕಾಸ, ಡಾರ್ವಿನ್ ಅಂದ. ಮೇಷ್ಟ್ರಿಗೆ ಸಿಟ್ಟು ಬಂತು. ಮೂರನೆಯವರೊಬ್ಬರು ಎದ್ದು, ಅಂಥ ಪ್ರಾಣಿಯೇ ಇಲ್ಲ, ಎಲ್ಲ ತೇಜಸ್ವಿ ಕಲ್ಪನೆ ಅಂತ ತೀರ್ಪು ಕೊಟ್ಟರು. ಹುಡುಗ ಬಿಡುತ್ತಾನಾ? ಫೋನಿನಲ್ಲಿ ಫೋಟೋ ತೆಗೆದು ಅವರ ಮೂಗಿನ ಹತ್ತಿರವೇ ಹಿಡಿದ. ಹಾರುವ ಓತಿ ನಿಜಕ್ಕೂ ಇದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲೂ ಇದೆ. ಉದ್ದವಾದ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಸರಿ, ಫೋಟೋ ಕೈಯಿಂದ ಕೈಗೆ ಹೋಯಿತು, ಮತ್ತೆ ಪರಮಾತ್ಮ, ಮತ್ತೆ ಡಾರ್ವಿನ್. ನನಗೂ ಆಕಳಿಕೆ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಕಿಟಕಿ ಪಕ್ಕ ಕೂತಿದ್ದ ಒಬ್ಬ ಹೆಂಗಸು, ಅಲ್ಲಿವರೆಗೆ ತುಟಿ ಬಿಚ್ಚದವರು, ಕೇಳಿದರು. "ಅದೆಲ್ಲ ಸರಿ ಸಾರ್, ಅದನ್ನ ಮೊದಲು ನೋಡಿದ್ದು ಯಾರು?"

ಎಲ್ಲರೂ ಮುಖ ಮುಖ ನೋಡಿಕೊಂಡರು. ಮಂದಣ್ಣ, ಅಂದ ಹುಡುಗ.

"ಮತ್ತೆ ಇಷ್ಟೊತ್ತು ಅವನ ಹೆಸರೇ ಯಾರೂ ಎತ್ತಲಿಲ್ಲ?"

ಆಮೇಲೆ ಆಕೆ ಹೇಳಿದ್ದು ಇನ್ನೂ ನೆನಪಿದೆ. "ನನ್ನ ಮೈದುನ ಹೀಗೇ ಸಾರ್. ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತೆ ಅಂತ ನಿಂತಲ್ಲೇ ಹೇಳ್ತಾನೆ. ನಾವೆಲ್ಲ ಅವನನ್ನ ಕೆಲಸಕ್ಕೆ ಬಾರದವನು ಅಂತೀವಿ. ಈ ಪುಸ್ತಕ ಓದಿದ ಮೇಲೆ ಹಾಗೆ ಅನ್ನೋಕೆ ಬಾಯಿ ಬರ್ತಿಲ್ಲ."

ಇದು ನೋಡಿ ಚರ್ಚೆ! ಊರಿನವರಿಗೆ ಮಂದಣ್ಣ ದಡ್ಡ, ಅಲೆಮಾರಿ. ಅವನಿಗೆ ಬೇಕಾದದ್ದೋ, ಒಂದು ಸಣ್ಣ ಕೆಲಸ, ಒಂದು ಮದುವೆ. ಕಥೆ ಹೇಳುವವನಿಗೂ ಮೊದಲು ಅವನಲ್ಲಿ ವಿಶೇಷವೇನೂ ಕಾಣುವುದಿಲ್ಲ. ಕಾಣುವುದು ಕರ್ವಾಲೊ ಒಬ್ಬರಿಗೆ. ಅಷ್ಟು ಓದಿದ ವಿಜ್ಞಾನಿ ಇವನ ಮಾತನ್ನು ನಂಬಿ ಇವನ ಹಿಂದೆ ಕಾಡಿಗೆ ಹೊರಡುತ್ತಾರೆ. ತೇಜಸ್ವಿ ಬದುಕಿನ ಬಗ್ಗೆ ಏನು ಹೇಳಿದರು ಅಂತ ಕೇಳುತ್ತೀರಲ್ಲ, ಇದನ್ನೇ ಹೇಳಿದರು. ಅರಿವು ಯಾರ ಹತ್ತಿರ ಇರುತ್ತದೆ ಅಂತ ಮೊದಲೇ ಲೆಕ್ಕ ಹಾಕಬೇಡಿ. ಅದಕ್ಕೇ ನಾನು ಹೇಳುತ್ತಿರುವುದು, ಮಂದಣ್ಣನನ್ನು ನೋಡಿ.

ಸ್ಟುಡಿಯೋ ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ, ಮಿಕ್ಕಿದ್ದನ್ನು ಬೇಗ ಬೇಗ ಹೇಳುತ್ತೇನೆ. 'ಅಬಚೂರಿನ ಪೋಸ್ಟಾಫೀಸು' ಸಂಕಲನ 1973ರದ್ದು. ಅದರಲ್ಲಿ ಪೋಸ್ಟಾಫೀಸು ನೋಡಿಕೊಳ್ಳುವ ಬೋಬಣ್ಣ ಬೇರೆಯವರ ಕಾಗದ ಬಿಚ್ಚಿ ಓದುತ್ತಾನೆ. ಅದೂ ಕುತೂಹಲವೇ, ಆದರೆ ಈ ಕುತೂಹಲ ಅವನ ನೆಮ್ಮದಿಯನ್ನೇ ತಿನ್ನುತ್ತದೆ. ಬೋಬಣ್ಣನನ್ನು ಮಂದಣ್ಣನ ಪಕ್ಕ ನಿಲ್ಲಿಸಿ ಮಾತಾಡಿ, ಚರ್ಚೆ ಹೇಗೆ ಕಾವೇರುತ್ತದೆ ನೋಡಿ. ಇನ್ನು 'ತಬರನ ಕಥೆ'ಯ ತಬರ. ಪಿಂಚಣಿಗೆ ಅಲೆಯುವ ತಬರ, ಮನೆಯಲ್ಲಿ ಕಾಲು ಕೊಳೆಯುತ್ತಿರುವ ಹೆಂಡತಿ. ಗಿರೀಶ್ ಕಾಸರವಳ್ಳಿ 1986ರಲ್ಲಿ ಸಿನಿಮಾ ಮಾಡಿದರು, ಚಾರುಹಾಸನ್ ತಬರ ಆಗಿದ್ದರು. ಇದಕ್ಕೆ 'ಅಧಿಕಾರಶಾಹಿಯ ವಿಡಂಬನೆ' ಅಂತ ಹಣೆಪಟ್ಟಿ ಅಂಟಿಸಿ ಎದ್ದು ಹೋಗುತ್ತಾರಲ್ಲ, ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವನು ಯಾರ ಯಾರ ಮುಂದೆ ನಿಂತ, ಹೇಗೆ ನಿಂತ, ಅದನ್ನು ಹೇಳಿ ಸ್ವಾಮಿ!

'ಚಿದಂಬರ ರಹಸ್ಯ' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಅದನ್ನು ಇವತ್ತು ಮುಟ್ಟಲೂ ಆಗಲಿಲ್ಲ. ಇರಲಿ. ಮುಂದಿನ ಸಲ ನಿಮ್ಮ ಗೆಳೆಯರ ಗುಂಪು ಸೇರಿದಾಗ ಪುಸ್ತಕ ಕೈಯಲ್ಲಿ ಹಿಡಿದೇ ಬನ್ನಿ. ತೇಜಸ್ವಿ ಹೆಸರಿನಲ್ಲಿ ಫೋನಿಗೆ ಬರುವ ಸುಭಾಷಿತಗಳನ್ನು ದಯವಿಟ್ಟು ಮನೆಯಲ್ಲೇ ಬಿಡಿ. ಒಬ್ಬೊಬ್ಬರು ಒಂದೊಂದು ಪಾತ್ರ ಹಂಚಿಕೊಂಡು, ಅದು ಏನು ಮಾಡಿತು ಅಂತ ಪುಟ ತೆಗೆದು ಓದಿ. ಮಂದಣ್ಣನಿಗೆ ಇಬ್ಬರಿದ್ದರೂ ಸರಿ. ನಾಯಿ ಕಿವಿಯನ್ನು ಮಾತ್ರ ನನಗೆ ಬಿಡಿ, ಕರೆದರೆ ನಾನೇ ಬರುತ್ತೇನೆ. ನಮಸ್ಕಾರ.