ಮಂಗಳೂರಿನ ಹವೆಯಲ್ಲಿ ಕಾರಿಗೆ ಪೇಂಟ್: ಕಲಿಯುವವರಿಗೆ ಮೊದಲ ಪಾಠ

[ಕ್ಲೋಸಪ್: ಬಿಳಿ ಕಾರಿನ ಹಿಂದಿನ ಚಕ್ರದ ಮೇಲಿನ ಅಂಚು. ಬಣ್ಣದಡಿ ಸಣ್ಣ ಸಣ್ಣ ಗುಳ್ಳೆ. ಉಗುರಿನಿಂದ ಒಂದನ್ನು ಒಡೆದಾಗ ಕಂದು ನೀರು.]

ಈ ಜಾಗಕ್ಕೆ ಪೇಂಟ್ ಹೊಡೆಸಿ ಎರಡು ಮಳೆಗಾಲ ಮುಗಿದಿಲ್ಲ. ಬಣ್ಣ ಚೆನ್ನಾಗಿ ಮ್ಯಾಚ್ ಆಗಿದೆ. ಹೊಳಪೂ ಉಂಟು. ಆದರೆ ಒಳಗಿನಿಂದ ಎದ್ದು ಬರುತ್ತಿದೆ. ಇಂಥದ್ದು ನೋಡಿದ ಕೂಡಲೇ "ಪೇಂಟೇ ಡೂಪ್ಲಿಕೇಟ್ ಮಾರಾಯ್ರೇ" ಅನ್ನುತ್ತಾರೆ. ಹೆಚ್ಚಿನ ಸಲ ಪೇಂಟಿನ ಮೇಲೆ ತಪ್ಪು ಹೊರಿಸಿ ಪ್ರಯೋಜನ ಇಲ್ಲ. ಅದರ ಅಡಿಯಲ್ಲಿ ನೀರು ಉಳಿದಿರುತ್ತದೆ, ಅಷ್ಟೇ.

ನಮಸ್ಕಾರ. ಇವತ್ತು ಕಾರಿಗೆ ಪೇಂಟ್ ಹೊಡೆಯುವ ಕೆಲಸದ ಮೊದಲ ಪಾಠ. ಇದರ ಬಗ್ಗೆ ವಿಡಿಯೋಗಳಿಗೆ ಬರ ಇಲ್ಲ. ಆದರೆ ಒಣ ಹವೆಯ ಊರಿನಲ್ಲಿ ನಡೆಯುವ ಕ್ರಮ ಸುರತ್ಕಲ್‌ನಲ್ಲೋ ಮಲ್ಪೆಯಲ್ಲೋ ಹಾಗೆಯೇ ನಡೆಯುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಮಳೆ ಇಲ್ಲದಾಗ ಸೆಕೆ. ಎರಡೂ ಕಾಲದಲ್ಲಿ ಉಪ್ಪುಗಾಳಿ. ಹಾಗಾಗಿ ಇಲ್ಲಿ ಸ್ಪ್ರೇ ಗನ್ ಹಿಡಿಯುವ ಮೊದಲು ನೀರಿನ ಲೆಕ್ಕ ಗೊತ್ತಿರಬೇಕು. ಈ ವಿಡಿಯೋದಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ಮಾತು.

[ಗ್ರಾಫಿಕ್ಸ್: ತಗಡು, ಅದರ ಮೇಲೆ ಒಂದೊಂದೇ ಪದರ.]

ಕಂಪನಿಯಿಂದ ಬಂದ ಕಾರಿನ ತಗಡಿನ ಮೇಲೆ ಏನೇನು ಇರುತ್ತದೆ? ಮೊದಲು ಫಾಸ್ಫೇಟ್ ಲೇಪ. ಅದರ ಮೇಲೆ ಇ-ಕೋಟ್. ಇದಕ್ಕಾಗಿ ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸುತ್ತಾರೆ. ಮೂಲೆ ಮೂಲೆಗೂ ಹೋಗಿ ತುಕ್ಕು ತಡೆಯುವುದು ಇದೇ. ಆಮೇಲೆ ಪ್ರೈಮರ್, ಬಣ್ಣ, ಕೊನೆಗೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ. ಎಲ್ಲ ಸೇರಿ ಸಾಧಾರಣ 100ರಿಂದ 150 ಮೈಕ್ರಾನ್. ಒಂದು ಎ4 ಹಾಳೆಯೇ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ, ನೋಡಿ.

ಗ್ಯಾರೇಜಿನಲ್ಲಿ ಆ ಇ-ಕೋಟನ್ನು ಮತ್ತೆ ಮಾಡಲಿಕ್ಕೆ ಆಗುವುದಿಲ್ಲ. ಉಜ್ಜಿ ತಗಡು ಕಾಣಿಸಿದಿರಿ ಅಂದರೆ, ಅದರ ಕೆಲಸ ಮಾಡುವ ಬೇರೆ ಏನನ್ನಾದರೂ ನೀವೇ ಹಾಕಬೇಕು. ಎಪಾಕ್ಸಿ ಪ್ರೈಮರ್ ಇರುವುದು ಅದಕ್ಕೇ. ಗಟ್ಟಿಯಾಗಿರುವ ಹಳೇ ಪೇಂಟನ್ನು ಸುಮ್ನೆ ಕಿತ್ತು ಹಾಕಬೇಡಿ.

ಕಲಿಯಲಿಕ್ಕೆ ಸ್ವಂತ ಕಾರು ಬೇಡ. ಗುಜರಿ ಅಂಗಡಿಯಲ್ಲಿ ಒಂದು ಹಳೇ ಫೆಂಡರ್, ಅಂದರೆ ಚಕ್ರದ ಮೇಲಿನ ತಗಡು, ಹುಡುಕಿ. ಸ್ವಲ್ಪ ತುಕ್ಕು, ಒಂದೆರಡು ಡೆಂಟ್ ಇದ್ದರೆ ಇನ್ನೂ ಒಳ್ಳೆಯದು.

[ಫೆಂಡರಿಗೆ ನೀರು ಬಿಡುವ ದೃಶ್ಯ.]

ಮೊದಲ ಕೆಲಸ ತೊಳೆಯುವುದು. ಸ್ಯಾಂಡ್ ಪೇಪರ್ ಮುಟ್ಟುವ ಮೊದಲೇ. ಸಮುದ್ರದ ಹತ್ತಿರ ಓಡಾಡಿದ ಗಾಡಿಯ ಮೇಲೆ ಉಪ್ಪು ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೊಳೆಯದೆ ಉಜ್ಜಿದರೆ ಆ ಉಪ್ಪು ಗೀರುಗಳ ಒಳಗೆ ಸೇರುತ್ತದೆ. ಅದರ ಮೇಲೆ ಪೇಂಟ್ ಹೊಡೆದರೆ ಕಥೆ ಅಲ್ಲಿಂದ ಶುರು. ಪೇಂಟ್ ಪೂರ್ತಿ ನೀರು ತಡೆಯುವ ಪದರ ಅಲ್ಲ. ನೀರಿನ ಆವಿ ನಿಧಾನಕ್ಕೆ ಒಳಗೆ ಹೋಗುತ್ತಲೇ ಇರುತ್ತದೆ. ಅಡಿಯಲ್ಲಿ ಉಪ್ಪಿದ್ದರೆ ಅದು ಆ ನೀರನ್ನು ಎಳೆದು ಹಿಡಿದುಕೊಳ್ಳುತ್ತದೆ. ಹನಿ ಕೂಡುತ್ತದೆ, ಪದರವನ್ನು ಮೇಲಕ್ಕೆ ತಳ್ಳುತ್ತದೆ. ಶುರುವಿನಲ್ಲಿ ನೋಡಿದ ಗುಳ್ಳೆ ಹೀಗೆ ಆಗುವುದು.

ಒಳ್ಳೆಯ ನೀರು, ಶಾಂಪೂ, ಮತ್ತೆ ಒಳ್ಳೆಯ ನೀರು. ಸಮುದ್ರದ ಬದಿಯ ಕೆಲವು ಬಾವಿಗಳ ನೀರೇ ಉಪ್ಪಿರುತ್ತದೆ, ಅದು ಬೇಡ. ಒಣಗಿದ ಮೇಲೆ ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಿ. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲು ಇನ್ನೊಂದು ಒಣ ಬಟ್ಟೆಯಲ್ಲಿ ತೆಗೆಯಬೇಕು. ಒಂದೇ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಜಾಗ ಬದಲಿಸುತ್ತದೆ, ಹೋಗುವುದಿಲ್ಲ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ತಲೆಗೆ ತೆಂಗಿನೆಣ್ಣೆ ಹಾಕಿದ ಕೈ ಅಂತೂ ಬೇಡವೇ ಬೇಡ. ಎಣ್ಣೆ ಇದ್ದಲ್ಲಿ ಪೇಂಟ್ ಕೂರದೆ ಸಣ್ಣ ಕುಳಿ ಬೀಳುತ್ತದೆ. ಅದನ್ನೇ ಫಿಶ್ ಐ ಅನ್ನುವುದು.

ತುಕ್ಕು ಇದ್ದಲ್ಲಿ ಬೆಳ್ಳಗಿನ ತಗಡು ಕಾಣುವವರೆಗೆ ತೆಗೆಯಬೇಕು. ಪಿ80 ಸ್ಯಾಂಡ್ ಪೇಪರ್ ಸಾಕು. ಈ ನಂಬರ್ ಜಾಸ್ತಿಯಾದಷ್ಟೂ ಪೇಪರ್ ನಯ. ಕಪ್ಪು ಚುಕ್ಕೆ ಉಳಿಯಿತು ಅಂದರೆ ತುಕ್ಕು ಉಳಿಯಿತು.

[ಪೇಂಟಿಂಗ್ ಶೆಡ್. ಹಿರಿಯ ಪೇಂಟರ್ ಪುಟ್ಟಿ ಹಚ್ಚಿದ ಬಾಗಿಲನ್ನು ನೀರು ಹಾಕಿ ಉಜ್ಜುತ್ತಿದ್ದಾರೆ.]

ನಿರೂಪಕ: ಅಣ್ಣಾ, ತಗ್ಗು ತುಂಬುವ ಈ ಪುಟ್ಟಿಯನ್ನು ನೀರು ಹಾಕಿಯೇ ಉಜ್ಜುವುದು ಯಾಕೆ?

ಪೇಂಟರ್: ಧೂಳು ಹಾರುದಿಲ್ಲ. ಪೇಪರ್ ಬಾಳ್ತದೆ. ಒಣ ಉಜ್ಜಿದ್ರೆ ಪೇಪರ್ ಕಟ್ಟಿಕೊಳ್ತದೆ ಅಲ್ವಾ.

ನಿರೂಪಕ: ಮತ್ತೆ ಒಣಗಲಿಕ್ಕೆ ಎಷ್ಟು ಹೊತ್ತು ಬಿಡುತ್ತೀರಿ?

ಪೇಂಟರ್: ಗಿರಾಕಿ ಸಂಜೆಗೇ ಗಾಡಿ ಬೇಕು ಹೇಳಿದ್ರೆ ಎಂತ ಬಿಡುದು?

[ನಿರೂಪಕ ಕ್ಯಾಮೆರಾ ಕಡೆಗೆ.]

ಇವರು ಹೇಳಿದ ಎರಡೂ ಕಾರಣ ಸರಿಯೇ. ಕೈಯಿಂದ ಉಜ್ಜುವವರಿಗೆ ಧೂಳು ದೊಡ್ಡ ಕಷ್ಟ. ಆದರೂ ನನ್ನ ಮಾತು ಇಷ್ಟೇ: ಕರಾವಳಿಯಲ್ಲಿ ಪುಟ್ಟಿಗೆ ನೀರು ಮುಟ್ಟಿಸಲೇಬಾರದು. ನಾವು ಬಳಸುವ ಪಾಲಿಯೆಸ್ಟರ್ ಪುಟ್ಟಿಯಲ್ಲಿ ಟಾಲ್ಕ್ ಪುಡಿ ಜಾಸ್ತಿ. ಅದು ನೀರು ಹೀರುತ್ತದೆ. ಒಣ ಹವೆಯಲ್ಲಾದರೆ ಆ ನೀರು ಒಂದು ದಿನದಲ್ಲಿ ಆರಿ ಹೋಗಬಹುದು. ಜುಲೈ ತಿಂಗಳಲ್ಲಿ ಹಾಕಿದ ಬಟ್ಟೆಯೇ ಎರಡು ದಿನವಾದರೂ ಒಣಗದ ಊರು ನಮ್ಮದು. ಮೇಲೆ ಪ್ರೈಮರ್ ಬಿದ್ದ ಮೇಲೆ ನೀರಿಗೆ ಬೇಗ ಹೊರಗೆ ಹೋಗುವ ದಾರಿ ಇಲ್ಲ. ಅಡಿಯ ತಗಡಿಗೆ ತುಕ್ಕು ಹಿಡಿಸುವುದೊಂದೇ ಅದರ ಮುಂದಿನ ಕೆಲಸ.

ಹಾಗಾದರೆ ಕ್ರಮ ಹೀಗೆ. ಉಜ್ಜಿ ತಗಡು ಕಾಣಿಸಿದ ದಿನವೇ ಎಪಾಕ್ಸಿ ಪ್ರೈಮರ್. ನಾಳೆಗೆ ಬಿಟ್ಟರೆ ಬೆಳಗ್ಗೆ ತಗಡಿನ ಮೇಲೆ ಕಂದು ಮಬ್ಬು ಕಾಣುತ್ತದೆ. ಎಪಾಕ್ಸಿ ಒಣಗಿದ ಮೇಲೆ ಅದನ್ನು ಸ್ವಲ್ಪ ಉಜ್ಜಿ, ಅದರ ಮೇಲೆ ಪುಟ್ಟಿ. ಪುಟ್ಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ತೂಕದಲ್ಲಿ ನೂರಕ್ಕೆ ಎರಡರಷ್ಟು. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಹಾರ್ಡ್ನರ್‌ನಲ್ಲಿರುವ ಪೆರಾಕ್ಸೈಡ್ ಮೇಲಿನ ಬಣ್ಣದಲ್ಲಿ ಕಲೆಯಾಗಿ ಏಳುತ್ತದೆ. ದಪ್ಪ ಎರಡು ಮೂರು ಮಿಲಿಮೀಟರ್ ಒಳಗೆ ಇರಲಿ. ಅದಕ್ಕಿಂತ ಆಳದ ಡೆಂಟ್ ಇದ್ದರೆ ಅದು ಟಿಂಕರಿಂಗ್‌ನವರ ಕೆಲಸ, ಪುಟ್ಟಿಯದ್ದಲ್ಲ.

ಉಜ್ಜಲಿಕ್ಕೆ ಕೈಯಲ್ಲಿ ಬ್ಲಾಕ್ ಇರಲೇಬೇಕು. ಬೆರಳಿನಿಂದ ಉಜ್ಜಿದರೆ ಬೆರಳಿನ ಅಳತೆಯ ತಗ್ಗು ಬೀಳುತ್ತದೆ. ಪಿ80, ಆಮೇಲೆ ಪಿ180, ಪಿ320. ಎಲ್ಲ ಒಣ. ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ. ನಂತರ 2ಕೆ ಪ್ರೈಮರ್, ಅಂದರೆ ಹಾರ್ಡ್ನರ್ ಬೆರೆಸಿ ಹೊಡೆಯುವ ಎರಡು ಭಾಗದ ಪ್ರೈಮರ್. ಅದು ಪೂರ್ತಿ ಗಟ್ಟಿಯಾದ ಮೇಲೆ ಬೇಕಾದರೆ ಪಿ600 ಅಥವಾ ಪಿ800 ವಾಟರ್ ಪೇಪರ್ ಹಿಡಿಯಬಹುದು. ಆದರೆ ಎಲ್ಲಾದರೂ ಪುಟ್ಟಿ ಕಾಣಿಸಿದರೆ ನೀರು ನಿಲ್ಲಿಸಿ.

[ಗೋಡೆಯ ಮೇಲಿನ ತೇವಾಂಶ ಮೀಟರ್: 30 ಡಿಗ್ರಿ, ಶೇ. 85.]

ಈಗ ಗಾಳಿಯಲ್ಲಿರುವ ನೀರು. ಈ ಮೀಟರ್‌ಗೆ ಜಾಸ್ತಿ ದುಡ್ಡು ಬೇಡ. ಗನ್ ತೆಗೆದುಕೊಳ್ಳುವ ಮೊದಲು ಇದನ್ನು ತೆಗೆದುಕೊಳ್ಳಿ.

ಗಾಳಿ 30 ಡಿಗ್ರಿ, ತೇವಾಂಶ ಶೇಕಡಾ 85. ಈ ಗಾಳಿ ಸುಮಾರು 27 ಡಿಗ್ರಿಗೆ ತಣಿದರೆ ಇಬ್ಬನಿ ಬೀಳುತ್ತದೆ. ಪೇಂಟ್ ಮಾಡುವವರ ನಿಯಮ ಏನೆಂದರೆ, ತಗಡು ಆ ಇಬ್ಬನಿ ಬೀಳುವ ಮಟ್ಟಕ್ಕಿಂತ ಕಡಿಮೆ ಅಂದರೂ ಮೂರು ಡಿಗ್ರಿ ಬಿಸಿ ಇರಬೇಕು. ಇಲ್ಲಿ ಆ ಮೂರು ಡಿಗ್ರಿಯೇ ಸಿಗುತ್ತಿಲ್ಲ. ರಾತ್ರಿ ತಣಿದ ತಗಡಾದರೆ ಕೇಳುವುದೇ ಬೇಡ. ಅದೇ 30 ಡಿಗ್ರಿಯಲ್ಲಿ ತೇವಾಂಶ 70ಕ್ಕೆ ಇಳಿದರೆ ಇಬ್ಬನಿ ಬೀಳುವುದು 24ರ ಹತ್ತಿರ. ಆಗ ಧೈರ್ಯವಾಗಿ ಹೊಡೆಯಬಹುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲು ಏರಿದ ಮೇಲಿನ ಹೊತ್ತು ಕಲಿಯುವವರಿಗೆ ಒಳ್ಳೆಯದು.

ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟ್ ಬಳಸುವವರಿಗೆ ಇದು ಇನ್ನೂ ಕಷ್ಟ. 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಜನರಲ್ ಮೋಟಾರ್ಸ್ ಹೊಡೆದ ಡ್ಯೂಕೋ ಇದೇ ಜಾತಿ. ಅದಕ್ಕೂ ಮೊದಲು ಒಂದು ಕಾರಿನ ಪೇಂಟ್ ಒಣಗಲಿಕ್ಕೆ ವಾರಗಟ್ಟಲೆ ಬೇಕಿತ್ತು. ಎನ್‌ಸಿ ಒಣಗುವುದು ಥಿನ್ನರ್ ಹಾರಿಹೋಗಿ. ಅದು ಬೇಗ ಹಾರುವಾಗ ತಗಡಿನ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಮೇಲ್ಮೈ ಒಮ್ಮೆಲೇ ತಣಿದು ಇಬ್ಬನಿ ಕೂತು ಬಿಳಿ ಮಬ್ಬು ಬರುತ್ತದೆ. ನಿಧಾನವಾಗಿ ಹಾರುವ ರಿಟಾರ್ಡರ್ ಥಿನ್ನರ್ ಹಾಕಿದರೆ ಸ್ವಲ್ಪ ತಪ್ಪಿಸಬಹುದು.

ನಿಮ್ಮ ಕಾರಿನ ಹಳೇ ಪೇಂಟ್ ಯಾವುದು ಅಂತ ಗೊತ್ತಿಲ್ಲದಿದ್ದರೆ, ಕಾಣದ ಮೂಲೆಯಲ್ಲಿ ಥಿನ್ನರ್ ಬಟ್ಟೆಯಿಂದ ಒರೆಸಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ ಇರಬಹುದು. ಅದರ ಮೇಲೆ ನೇರವಾಗಿ 2ಕೆ ಹೊಡೆದರೆ ಸುಕ್ಕುಗಟ್ಟಿ ಏಳಬಹುದು.

ಮಳೆಗಾಲದಲ್ಲಿ ಕೆಲವರು ಗ್ಯಾಸ್ ಒಲೆ ಹೊತ್ತಿಸಿ ಶೆಡ್ ಬಿಸಿ ಮಾಡಲು ನೋಡುತ್ತಾರೆ. ಬೇಡ ಮಾರಾಯ್ರೇ. ಥಿನ್ನರ್ ಇರುವಲ್ಲಿ ಬೆಂಕಿ ಅಪಾಯ. ಅದು ಬಿಟ್ಟರೂ, ಗ್ಯಾಸ್ ಉರಿದಾಗ ನೀರಿನ ಆವಿಯೇ ಹೊರಗೆ ಬರುವುದು. ಇನ್‌ಫ್ರಾರೆಡ್ ಲ್ಯಾಂಪ್‌ನಿಂದ ತಗಡನ್ನು ಮೊದಲೇ ಬೆಚ್ಚಗೆ ಮಾಡಿ. ಗನ್ ಹಿಡಿಯುವ ಮೊದಲು ಲ್ಯಾಂಪ್ ಆರಿಸಿ ದೂರ ಇಡಿ.

[ಕಂಪ್ರೆಸರ್. ಅಡಿಯ ವಾಲ್ವ್ ತೆರೆದಾಗ ಕಂದು ನೀರು ಚಿಮ್ಮುತ್ತದೆ.]

ಇದು ಎಲ್ಲಿಂದ ಬಂತು? ನಾವು ಈಗ ಹೇಳಿದ ಗಾಳಿಯಲ್ಲಿ, ಒಂದು ಘನ ಮೀಟರಿಗೆ ಹತ್ತಿರ ಹತ್ತಿರ 25 ಗ್ರಾಂ ನೀರು ಆವಿಯಾಗಿ ಇರುತ್ತದೆ. ಕಂಪ್ರೆಸರ್ ಅದನ್ನು 7 ಬಾರ್‌ಗೆ ಒತ್ತಿದರೆ ಜಾಗ ಎಂಟನೇ ಒಂದು ಪಾಲು. ಅಷ್ಟು ಜಾಗದಲ್ಲಿ ಅಷ್ಟು ಆವಿ ಹಿಡಿಯುವುದಿಲ್ಲ. ಗಾಳಿ ತಣಿದಾಗ 20 ಗ್ರಾಂಗಿಂತ ಜಾಸ್ತಿ ನೀರಾಗಿ ಇಳಿಯುತ್ತದೆ. ಗನ್ ನಿಮಿಷಕ್ಕೆ 300 ಲೀಟರ್ ಗಾಳಿ ತಿಂದರೆ ಹತ್ತು ನಿಮಿಷಕ್ಕೆ ಮೂರು ಘನ ಮೀಟರ್. ಅಂದರೆ 60 ಗ್ರಾಂಗೂ ಮೇಲೆ ನೀರು. ಅದರಲ್ಲಿ ಒಂದೆರಡು ಹನಿ ಗನ್‌ಗೆ ಬಂದರೂ ಕ್ಲಿಯರ್ ಕೋಟ್ ಹಾಳು.

ಇಲ್ಲಿ ಹೆಚ್ಚಿನವರು ವಾಟರ್ ಸೆಪರೇಟರನ್ನು ಕಂಪ್ರೆಸರ್‌ಗೇ ತಾಗಿಸಿ ಕೂರಿಸುತ್ತಾರೆ. ಅಲ್ಲಿ ಗಾಳಿ ಇನ್ನೂ ಬಿಸಿ. ನೀರು ಆವಿಯಾಗಿಯೇ ದಾಟಿ ಹೋಗಿ, ಪೈಪಿನಲ್ಲಿ ತಣಿದು ಹನಿಯಾಗುತ್ತದೆ. ಏಳೆಂಟು ಮೀಟರ್ ಲೋಹದ ಪೈಪ್ ಎಳೆದು, ಅದು ಮುಗಿಯುವಲ್ಲಿ ಸೆಪರೇಟರ್ ಹಾಕಿ. ಟ್ಯಾಂಕಿನ ನೀರನ್ನು ದಿನಾ ಬಿಡಿ. ಮಳೆಗಾಲದಲ್ಲಿ ದಿನಕ್ಕೆ ಒಂದು ಸಲ ಸಾಲುವುದಿಲ್ಲ.

[ಮೇಜಿನ ಮೇಲೆ ಕ್ಲಿಯರ್, ಹಾರ್ಡ್ನರ್, ಥಿನ್ನರ್, ಗೆರೆ ಇರುವ ಅಳತೆ ಕಪ್.]

ಹಾರ್ಡ್ನರ್ ಡಬ್ಬಿಯೂ ನೀರಿಗೆ ಹೆದರುತ್ತದೆ. 2ಕೆ ಪೇಂಟ್‌ನ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಗಾಳಿಯ ತೇವದ ಜೊತೆಯೂ ಸೇರಿಕೊಂಡು ಕೆಡುತ್ತದೆ. ಸುರಿದ ಕೂಡಲೇ ಮುಚ್ಚಳ ಹಾಕಿ. ಕಲಿಯುವವರು ಸಣ್ಣ ಡಬ್ಬಿಯನ್ನೇ ಕೊಳ್ಳಿ. ಮಬ್ಬಾಗಿದ್ದರೆ, ಗಟ್ಟಿ ಕಣ ಕಂಡರೆ ಬಿಸಾಡಿ. ಎಷ್ಟಕ್ಕೆ ಎಷ್ಟು ಅನ್ನುವುದು ಡಬ್ಬಿಯ ಮೇಲೆ ಇರುತ್ತದೆ. ಎರಡಕ್ಕೆ ಒಂದು, ನಾಲ್ಕಕ್ಕೆ ಒಂದು, ಹೀಗೆ. ಕಪ್‌ನಲ್ಲಿ ಅಳೆಯಿರಿ, ಅಂದಾಜು ಬೇಡ.

ಇದೇ ಐಸೋಸಯನೇಟ್ ಶ್ವಾಸಕೋಶಕ್ಕೂ ಕೆಟ್ಟದ್ದು. ಅಸ್ತಮಾ ಬರಿಸುತ್ತದೆ. ಒಮ್ಮೆ ದೇಹಕ್ಕೆ ಆಗದೆ ಹೋದರೆ ಆಮೇಲೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ವಾಸನೆ ಬಂದಾಗ ನೋಡಿಕೊಳ್ಳೋಣ ಅಂದರೆ ಆಗುವುದಿಲ್ಲ, ಅಪಾಯದ ಮಟ್ಟದಲ್ಲೂ ವಾಸನೆ ಗೊತ್ತಾಗದೆ ಇರಬಹುದು. ಮೂಗಿಗೆ ಕರ್ಚೀಫು ಕಟ್ಟಿದರೆ ಏನೂ ಪ್ರಯೋಜನ ಇಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ಅದಿಲ್ಲದವರು ಮನೆಯಂಗಳದಲ್ಲಿ 2ಕೆ ಹೊಡೆಯುವುದೇ ಬೇಡ. ಪುಟ್ಟಿ, ಉಜ್ಜುವುದು, ಮಾಸ್ಕಿಂಗ್ (ಪೇಂಟ್ ಬೀಳಬಾರದ ಜಾಗ ಮುಚ್ಚುವುದು) ಅಷ್ಟನ್ನು ಕಲಿತು, ಕ್ಲಿಯರನ್ನು ಬೂತ್, ಅಂದರೆ ಪೇಂಟ್ ಹೊಡೆಯುವ ಮುಚ್ಚಿದ ಕೋಣೆ, ಇರುವಲ್ಲಿ ಹೊಡೆಸಿ. ಇದರಲ್ಲಿ ನಾಚಿಕೆ ಎಂತದ್ದು?

[ಗನ್ ಹಿಡಿದ ಕೈ, ಬದಿಯಿಂದ.]

ಗನ್ ಬಗ್ಗೆ ಬೇಗ ಹೇಳುತ್ತೇನೆ, ಇದು ಕೇಳಿ ಕಲಿಯುವುದಲ್ಲ. ಬಣ್ಣ ಮತ್ತು ಕ್ಲಿಯರ್‌ಗೆ 1.3 ಮಿಲಿಮೀಟರ್ ನಾಝಲ್. ಪ್ರೈಮರ್‌ಗೆ 1.6ರಿಂದ 1.8. ಗಾಳಿ ಸುಮಾರು 2 ಬಾರ್, ಟ್ರಿಗರ್ ಒತ್ತಿ ಹಿಡಿದಾಗ ನೋಡಬೇಕು. ತಗಡಿಗೂ ಗನ್‌ಗೂ 15ರಿಂದ 20 ಸೆಂಟಿಮೀಟರ್. ಮಣಿಕಟ್ಟು ತಿರುಗಿಸಬೇಡಿ, ಇಡೀ ಕೈ ಸಾಗಲಿ. ಒಂದು ಸಾಲಿನ ಮೇಲೆ ಮುಂದಿನ ಸಾಲು ಅರ್ಧ ಬರಬೇಕು. ಒಂದು ಕೋಟ್ ಮಂಕಾಗುವ ತನಕ ಕಾದು ಇನ್ನೊಂದು. ಅವಸರ ಮಾಡಿದರೆ ಪೇಂಟ್ ಸೋರಿ ಇಳಿಯುತ್ತದೆ, ಇಲ್ಲವೇ ಒಳಗಿನ ಥಿನ್ನರ್ ಗುಳ್ಳೆಯಾಗಿ ಒಡೆದು ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ.

ಬಣ್ಣದ ಕೋಡ್ ಬಾಗಿಲ ಕಂಬದ ಮೇಲೋ ಬಾನೆಟ್ ಅಡಿಯಲ್ಲೋ ಇರುತ್ತದೆ. ಕೋಡ್ ಸರಿ ಇದ್ದರೂ ನಿಮ್ಮ ಕಾರು ಬಿಸಿಲಿಗೆ ಬಾಡಿರುತ್ತದೆ. ಒಂದು ಕಾರ್ಡಿನ ಮೇಲೆ ಹೊಡೆದು, ಹೊರಗೆ ಹಗಲು ಬೆಳಕಿನಲ್ಲಿ ಕಾರಿಗೆ ಹಿಡಿದು ನೋಡಿ. ಟ್ಯೂಬ್‌ಲೈಟ್ ನಂಬಬೇಡಿ. ಮೆಟಾಲಿಕ್ ಆದರೆ ಒದ್ದೆಯಾಗಿ ಹೊಡೆದರೆ ಗಾಢ, ಒಣದಾಗಿ ಹೊಡೆದರೆ ತಿಳಿ. ಅದೇ ಡಬ್ಬಿ, ಅದೇ ಕೈ, ಆದರೂ ಎರಡು ಬಣ್ಣ. ಕಲಿಯುವಾಗ ಬಿಳಿ ಅಥವಾ ಕೆಂಪು ಸಾದಾ ಬಣ್ಣವೇ ಸಾಕು.

ಕ್ಲಿಯರ್ ಎರಡು ಕೋಟ್. ಬೂತ್‌ನಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ. ಶೆಡ್‌ನಲ್ಲಾದರೆ ಒಂದು ರಾತ್ರಿ ಪೂರ್ತಿ ಬಿಡಿ. ಧೂಳು ಕೂತಿದ್ದರೆ ಪಿ2000 ವಾಟರ್ ಪೇಪರ್ ಮುಟ್ಟಿಸಿ, ಹೊಳಪು ಬರಲು ರಬ್ಬಿಂಗ್ ಮಾಡಿ. ಹೌದು, ಇಲ್ಲಿ ನೀರು ಬಳಸಬಹುದು. ವ್ಯಾಕ್ಸ್ ಮಾತ್ರ ಒಂದು ತಿಂಗಳು ಬೇಡ, ಒಳಗೆ ಉಳಿದ ಥಿನ್ನರ್ ಹೊರಗೆ ಹೋಗಬೇಕು.

[ಕ್ಯಾಮೆರಾ ಬಿರುಕು ಬಿಟ್ಟ ಬಂಪರಿನ ಕಡೆಗೆ.]

ಬಂಪರ್ ಪ್ಲಾಸ್ಟಿಕ್. ತುಕ್ಕಿನ ಚಿಂತೆ ಇಲ್ಲ, ಆದರೆ ಪೇಂಟ್ ಹಿಡಿಯುವುದೇ ಇಲ್ಲ. ಅದಕ್ಕೆ ಪ್ರೈಮರೇ ಬೇರೆ. ಅದು ಮುಂದಿನ ವಿಡಿಯೋದಲ್ಲಿ.