ಮೂರನೇ ಸ್ಥಾನದ ಬೆಲೆ: ಜರ್ಮನಿಯ ಎರಡನೇ ಬುಂಡೆಸ್‌ಲೀಗಾ, 2022–23

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿನ 2022–23ರ ಋತುವಿನ ಬಗ್ಗೆ ಇವತ್ತು ಮಾತಾಡೋಣ. ಆ ಋತುವನ್ನು ನೆನೆದವರೆಲ್ಲ ಅದರ ಕೊನೆಯ ಹತ್ತು ನಿಮಿಷಗಳನ್ನೇ ಹೇಳುತ್ತಾರೆ. ಆ ಹತ್ತು ನಿಮಿಷ ಅಷ್ಟು ಮುಖ್ಯವಾಗಿದ್ದು ಏಕೆ ಎಂಬುದು ಅಂಕಪಟ್ಟಿಯನ್ನು ನಿಧಾನವಾಗಿ ಓದಿದರೆ ಮಾತ್ರ ತಿಳಿಯುತ್ತದೆ.

ಮೊದಲು ಲೀಗಿನ ಕಟ್ಟುಪಾಡು. ತಂಡಗಳು 18. ಪ್ರತಿ ತಂಡವೂ ಉಳಿದ 17 ತಂಡಗಳ ಎದುರು ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡುತ್ತದೆ. ಅಲ್ಲಿಗೆ ತಂಡಕ್ಕೆ 34 ಪಂದ್ಯ, ಇಡೀ ಲೀಗಿಗೆ 306. ಗೆದ್ದರೆ 3 ಅಂಕ, ಡ್ರಾ ಆದರೆ 1. ಅಂಕ ಸಮನಾದರೆ ಮೊದಲು ಗೋಲುಗಳ ವ್ಯತ್ಯಾಸ ನೋಡುತ್ತಾರೆ. ಅದೂ ಸಮವಾದರೆ ಹೊಡೆದ ಗೋಲುಗಳನ್ನು ಎಣಿಸುತ್ತಾರೆ. ಮೊದಲ ಎರಡು ಸ್ಥಾನದವರು ನೇರವಾಗಿ ಮೇಲಿನ ಲೀಗಿಗೆ, ಅಂದರೆ ಬುಂಡೆಸ್‌ಲೀಗಾಕ್ಕೆ, ಹೋಗುತ್ತಾರೆ, ಕೊನೆಯ ಇಬ್ಬರು ನೇರವಾಗಿ ಕೆಳಕ್ಕೆ ಇಳಿಯುತ್ತಾರೆ. ಮೂರನೆಯವರು ಮೇಲಿನ ಲೀಗಿನ 16ನೇ ತಂಡದೊಂದಿಗೆ ಎರಡು ಪಂದ್ಯಗಳ ಪ್ಲೇ-ಆಫ್ ಆಡಬೇಕು. ಈ ಮೂರನೇ ಸ್ಥಾನವೇ ಇವತ್ತಿನ ಮಾತಿನ ತಿರುಳು.

ಋತು ಶುರುವಾಗಿದ್ದು 2022ರ ಜುಲೈ 15ರಂದು. ಕತಾರ್ ವಿಶ್ವಕಪ್‌ಗಾಗಿ ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಆಟ ನಿಂತಿತು. ಈ ಬಿಡುವನ್ನು ಚೆನ್ನಾಗಿ ಬಳಸಿಕೊಂಡಿದ್ದು ಹ್ಯಾಂಬರ್ಗ್ ನಗರದ ಎರಡು ಕ್ಲಬ್‌ಗಳಲ್ಲಿ ಒಂದಾದ ಸೇಂಟ್ ಪೌಲಿ. ಡಿಸೆಂಬರಿನಲ್ಲಿ ತರಬೇತುದಾರರನ್ನು ಬದಲಿಸಿ, 29 ವರ್ಷದ ಫಾಬಿಯನ್ ಹ್ಯೂರ್ಟ್ಸೆಲರ್ ಕೈಗೆ ತಂಡವನ್ನು ಕೊಟ್ಟಿತು. ಬಿಡುವಿನ ನಂತರ ಅವರು ಸತತ 10 ಪಂದ್ಯ ಗೆದ್ದರು. ಆದರೂ ಸಿಕ್ಕಿದ್ದು ಐದನೇ ಸ್ಥಾನ. ಮೊದಲರ್ಧದಲ್ಲಿ ಕಳೆದುಕೊಂಡ ಅಂಕಗಳನ್ನು ಹತ್ತು ಗೆಲುವೂ ತುಂಬಿಕೊಡಲಾರವು. 34 ಪಂದ್ಯಗಳ ಲೀಗು ಅಷ್ಟು ನಿಷ್ಠುರ.

ಬಡ್ತಿಯ ಓಟದಲ್ಲಿ ಕೊನೆಗೆ ಉಳಿದದ್ದು ಮೂರು ತಂಡ: ಡಾರ್ಮ್‌ಸ್ಟಾಟ್, ಹೈಡೆನ್‌ಹೈಮ್, ಹ್ಯಾಂಬರ್ಗ್. ಡಾರ್ಮ್‌ಸ್ಟಾಟ್ 33ನೇ ಸುತ್ತಿನಲ್ಲಿ ಮಾಗ್ಡೆಬರ್ಗ್ ತಂಡವನ್ನು 1–0ಯಿಂದ ಸೋಲಿಸಿ ತನ್ನ ಬಡ್ತಿಯನ್ನು ಖಚಿತಪಡಿಸಿಕೊಂಡಿತು. ಉಳಿದದ್ದು ಒಂದೇ ನೇರ ಜಾಗ. ಹೈಡೆನ್‌ಹೈಮ್ ಬಳಿ 64 ಅಂಕ, ಹ್ಯಾಂಬರ್ಗ್ ಬಳಿ 63.

ಹೈಡೆನ್‌ಹೈಮ್ ಸುಮಾರು 50 ಸಾವಿರ ಜನರ ಪಟ್ಟಣ. ಅದರ ಕ್ರೀಡಾಂಗಣದಲ್ಲಿ ಹಿಡಿಸುವುದು 15 ಸಾವಿರ ಜನ. ಅದೇ ಊರಲ್ಲಿ ಹುಟ್ಟಿದ ಫ್ರಾಂಕ್ ಶ್ಮಿಟ್ 2007ರಲ್ಲಿ ತರಬೇತುದಾರರಾದಾಗ ತಂಡ ನಾಲ್ಕನೇ ದರ್ಜೆಯಲ್ಲಿತ್ತು. ಅತ್ತ ಹ್ಯಾಂಬರ್ಗ್, 57 ಸಾವಿರ ಜನ ಹಿಡಿಸುವ ಅಂಗಳದ ಕ್ಲಬ್. ಬುಂಡೆಸ್‌ಲೀಗಾ ಆರಂಭವಾದ 1963ರಿಂದ 2018ರವರೆಗೆ ಒಮ್ಮೆಯೂ ಕೆಳಗಿಳಿಯದೆ ಉಳಿದಿದ್ದ ಏಕೈಕ ತಂಡ. ಇಳಿದ ಮೇಲೆ ಮೂರು ವರ್ಷ ನಾಲ್ಕನೇ ಸ್ಥಾನ, ನಾಲ್ಕನೆಯ ವರ್ಷ ಮೂರನೇ ಸ್ಥಾನ ಮತ್ತು ಪ್ಲೇ-ಆಫ್‌ನಲ್ಲಿ ಬರ್ಲಿನ್‌ನ ಹೆರ್ಟಾ ಎದುರು ಸೋಲು.

ಮೇ 28, ಭಾನುವಾರ, ಜರ್ಮನಿಯ ಮಧ್ಯಾಹ್ನ ಮೂರೂವರೆ. ಯಾರಿಗೂ ಇನ್ನೊಬ್ಬರ ಫಲಿತಾಂಶ ನೋಡಿ ಆಡುವ ಅನುಕೂಲ ಸಿಗಬಾರದೆಂದು ಕೊನೆಯ ಸುತ್ತಿನ ಒಂಬತ್ತೂ ಪಂದ್ಯಗಳು ಒಟ್ಟಿಗೇ ಶುರುವಾಗುತ್ತವೆ. ಆದರೆ ಒಟ್ಟಿಗೇ ಮುಗಿಯಬೇಕೆಂಬ ನಿಯಮವಿಲ್ಲ. ಗಾಯ, ಬದಲಿ ಆಟಗಾರರು, ಗೋಲಿನ ಸಂಭ್ರಮ, ವಿಡಿಯೊ ಪರಿಶೀಲನೆ, ಹೀಗೆ ಪೋಲಾದ ಹೊತ್ತನ್ನೆಲ್ಲ ರೆಫರಿ ಕೊನೆಗೆ ಇಂಜುರಿ ಟೈಮ್ ಆಗಿ ಸೇರಿಸುತ್ತಾರೆ. ಒಂದೊಂದು ಅಂಗಳದಲ್ಲಿ ಅದು ಒಂದೊಂದು ಲೆಕ್ಕ.

ಹ್ಯಾಂಬರ್ಗ್ ಆಡಿದ್ದು ಲೀಗಿನ ಕಟ್ಟಕಡೆಯ ತಂಡವಾದ ಸ್ಯಾಂಡ್‌ಹೌಸೆನ್ ಊರಿನಲ್ಲಿ. ಪಂದ್ಯದ ಮೊದಲ ನಿಮಿಷಗಳಲ್ಲೇ ಜಾನ್-ಲೂಕ್ ಡೊಂಪೆ ಗೋಲು ಹೊಡೆದರು. 1–0 ಹಾಗೇ ನಿಂತಿತು. ಹೈಡೆನ್‌ಹೈಮ್ ಹೋಗಿದ್ದು 17ನೇ ಸ್ಥಾನದ ರೇಗೆನ್ಸ್‌ಬರ್ಗ್‌ಗೆ. ಅಲ್ಲಿ 0–2 ಹಿಂದೆ ಬಿದ್ದು, ಒಂದು ಗೋಲು ತೀರಿಸಿ, 90 ನಿಮಿಷ ಮುಗಿದಾಗ 1–2. ರೆಫರಿ ತೋರಿಸಿದ್ದು 11 ನಿಮಿಷದ ಇಂಜುರಿ ಟೈಮ್.

ಅದರ ಮೂರನೇ ನಿಮಿಷದಲ್ಲಿ ಹೈಡೆನ್‌ಹೈಮ್‌ನ ಯಾನ್-ನಿಕ್ಲಾಸ್ ಬೆಸ್ಟೆ ಪೆನಾಲ್ಟಿಯನ್ನು ಗೋಲಾಗಿಸಿ 2–2 ಮಾಡಿದರು. ಲೆಕ್ಕ ಹಾಕಿ ನೋಡಿ: ಡ್ರಾ ಆದರೆ ಹೈಡೆನ್‌ಹೈಮ್‌ಗೆ 65, ಗೆದ್ದ ಹ್ಯಾಂಬರ್ಗ್‌ಗೆ 66. ಡ್ರಾ ಸಾಲದು. ಸ್ಯಾಂಡ್‌ಹೌಸೆನ್‌ನಲ್ಲಿ ಆಟ ಆಗಲೇ ಮುಗಿದಿತ್ತು, ಅಂಗಳದ ಧ್ವನಿವರ್ಧಕದಲ್ಲಿ ಬಡ್ತಿಗೆ ಅಭಿನಂದನೆಯೂ ಕೇಳಿಬಂತು, ಹ್ಯಾಂಬರ್ಗ್ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದರು. ಅತ್ತ ಇಂಜುರಿ ಟೈಮ್‌ನ ಒಂಬತ್ತನೇ ನಿಮಿಷದಲ್ಲಿ ಟಿಮ್ ಕ್ಲೈನ್‌ಡಿನ್ಸ್ಟ್ ಗೋಲು ಹೊಡೆದರು. 3–2. ಅದು ಆ ಋತುವಿನಲ್ಲಿ ಅವರ 25ನೇ ಗೋಲು. ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ.

ಆ ಗೋಲು ಮಾಡಿದ್ದು ಎರಡು ಕೆಲಸ. ಡಾರ್ಮ್‌ಸ್ಟಾಟ್ ಅದೇ ಹೊತ್ತಿಗೆ ಫ್ಯುರ್ತ್ ಎದುರು 0–4ರಿಂದ ಸೋತಿತ್ತು. ಇಬ್ಬರಿಗೂ 67 ಅಂಕ. ಹೈಡೆನ್‌ಹೈಮ್‌ನ ಗೋಲು ವ್ಯತ್ಯಾಸ 31, ಡಾರ್ಮ್‌ಸ್ಟಾಟ್‌ನದು 17. ಬಡ್ತಿಯ ಜೊತೆ ಚಾಂಪಿಯನ್ ಪಟ್ಟವೂ ಹೈಡೆನ್‌ಹೈಮ್ ಪಾಲಾಯಿತು.

ಇನ್ನು ಅಂಕಪಟ್ಟಿ. ಹ್ಯಾಂಬರ್ಗ್‌ಗೆ ಅದೃಷ್ಟ ಕೈಕೊಟ್ಟಿತು ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಹ್ಯಾಂಬರ್ಗ್ ಗೆದ್ದದ್ದು 20 ಪಂದ್ಯ, ಹೈಡೆನ್‌ಹೈಮ್ 19. ಗೋಲು ಹೊಡೆಯುವುದರಲ್ಲೂ ಹ್ಯಾಂಬರ್ಗ್ 70, ಹೈಡೆನ್‌ಹೈಮ್ 67. ಈಗ ಇನ್ನೊಂದು ಕಾಲಂ ನೋಡಿ. ಹ್ಯಾಂಬರ್ಗ್ ಸೋತದ್ದು 8, ಹೈಡೆನ್‌ಹೈಮ್ ಸೋತದ್ದು 5 ಮಾತ್ರ. ಬಿಟ್ಟುಕೊಟ್ಟ ಗೋಲು ಹ್ಯಾಂಬರ್ಗ್ 45, ಹೈಡೆನ್‌ಹೈಮ್ 36, ಡಾರ್ಮ್‌ಸ್ಟಾಟ್ 33. ಟಿಮ್ ವಾಲ್ಟರ್ ತರಬೇತಿಯಲ್ಲಿ ಹ್ಯಾಂಬರ್ಗ್ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು, ಡಿಫೆಂಡರ್‌ಗಳನ್ನೂ ಮುಂದಕ್ಕೆ ಕಳಿಸಿ ಆಡುತ್ತಿತ್ತು. ನೋಡಲು ಬಲು ಸೊಗಸು. ಚೆಂಡು ಕೈತಪ್ಪಿದಾಗ ಮಾತ್ರ ಹಿಂದೆ ದೊಡ್ಡ ಬಯಲು. ಹೈಡೆನ್‌ಹೈಮ್ ಆಡಿದ 10 ಡ್ರಾಗಳು ಬಿಡಿಬಿಡಿಯಾಗಿ ಯಾರ ಕಣ್ಣಿಗೂ ಬೀಳುವಂಥವಲ್ಲ. ಒಂದೊಂದು ಅಂಕವಾಗಿ ಸೇರಿ, ಕೊನೆಗೆ ಅಂತರ ಉಳಿದದ್ದು ಒಂದೇ ಅಂಕ.

ಆಮೇಲೆ ಹ್ಯಾಂಬರ್ಗ್‌ಗೆ ಪ್ಲೇ-ಆಫ್. ನಾಲ್ಕೇ ದಿನದ ನಂತರ, ಜೂನ್ 1ರಂದು, ಮೇಲಿನ ಲೀಗಿನ 16ನೇ ತಂಡವಾದ ಸ್ಟುಟ್‌ಗಾರ್ಟ್‌ನ ಊರಿನಲ್ಲಿ. ಮೊದಲ ನಿಮಿಷದಲ್ಲೇ ಸ್ಟುಟ್‌ಗಾರ್ಟ್‌ನ ಮಾವ್ರೊಪಾನೊಸ್ ಗೋಲು; ಪಂದ್ಯ 0–3. ಜೂನ್ 5ರಂದು ತವರಿನಲ್ಲಿ ಮೊದಲು ಗೋಲು ಹೊಡೆದರೂ 1–3. ಒಟ್ಟು 1–6. 2009ರಲ್ಲಿ ಈ ಪದ್ಧತಿ ಮತ್ತೆ ಜಾರಿಗೆ ಬಂದಂದಿನಿಂದ 2023ರವರೆಗೆ ನಡೆದ 15 ಪ್ಲೇ-ಆಫ್‌ಗಳಲ್ಲಿ ಎರಡನೇ ಲೀಗಿನವರು ಗೆದ್ದದ್ದು ಮೂರೇ ಸಲ: 2009ರಲ್ಲಿ ನ್ಯೂರ್ನ್‌ಬರ್ಗ್, 2012ರಲ್ಲಿ ಡ್ಯುಸೆಲ್‌ಡೋರ್ಫ್, 2019ರಲ್ಲಿ ಯೂನಿಯನ್ ಬರ್ಲಿನ್. ಮೇಲಿನ ತಂಡದ ಬೆಂಚಿನಲ್ಲಿ ಹೆಚ್ಚು ಸಂಬಳದ, ಹೆಚ್ಚು ಅನುಭವದ ಆಟಗಾರರಿರುತ್ತಾರೆ. ವರ್ಷವಿಡೀ ವೇಗದ ಎದುರಾಳಿಗಳನ್ನು ಎದುರಿಸಿದ ಕಾಲುಗಳವು. ಕೆಳಗಿನ ತಂಡವೋ ನೇರ ಬಡ್ತಿ ತಪ್ಪಿದ ಆಘಾತದಲ್ಲೇ ಬಂದಿರುತ್ತದೆ. 2014 ಮತ್ತು 2015ರಲ್ಲಿ ಇದೇ ಪ್ಲೇ-ಆಫ್ ಹ್ಯಾಂಬರ್ಗ್‌ ತಂಡವನ್ನು ಮೇಲಿನ ಲೀಗಿನಲ್ಲಿ ಉಳಿಸಿತ್ತು ಎಂಬುದನ್ನೂ ಮರೆಯಬಾರದು.

ಕೆಳತುದಿಯಲ್ಲಿ ರೇಗೆನ್ಸ್‌ಬರ್ಗ್, ಸ್ಯಾಂಡ್‌ಹೌಸೆನ್ ನೇರವಾಗಿ ಇಳಿದವು. 16ನೆಯ ಬೀಲೆಫೆಲ್ಟ್ ಪ್ಲೇ-ಆಫ್‌ನಲ್ಲಿ ಮೂರನೇ ಲೀಗಿನ ವೀಸ್ಬಾಡೆನ್ ಎದುರು 0–4, 1–2ರಿಂದ ಸೋತು ಹಿಂಬಾಲಿಸಿತು. ಹಿಂದಿನ ವರ್ಷವಷ್ಟೇ ಮೊದಲ ಲೀಗಿನಲ್ಲಿದ್ದ ತಂಡ ಅದು. ಎರಡು ವರ್ಷದಲ್ಲಿ ಎರಡು ಮೆಟ್ಟಿಲು ಕೆಳಗೆ.

ಮುಂದಿನ ಋತುವಿನಲ್ಲಿ ಹೈಡೆನ್‌ಹೈಮ್ ಬುಂಡೆಸ್‌ಲೀಗಾದಲ್ಲಿ ಎಂಟನೇ ಸ್ಥಾನ ಪಡೆದು ಯುರೋಪಿನ ಪಂದ್ಯಾವಳಿಗೂ ಹೋಯಿತು. ಡಾರ್ಮ್‌ಸ್ಟಾಟ್ ಕೊನೆಯ ಸ್ಥಾನದಲ್ಲಿ ಮುಗಿಸಿ ಮರಳಿ ಇಳಿಯಿತು. ಹ್ಯಾಂಬರ್ಗ್ ಮೇಲೇರಿದ್ದು 2025ರ ಮೇ ತಿಂಗಳಲ್ಲಿ, ಉಲ್ಮ್ ತಂಡವನ್ನು 6–1ರಿಂದ ಸೋಲಿಸಿ, ಪ್ಲೇ-ಆಫ್‌ನ ಗೊಡವೆಯಿಲ್ಲದೆ. ಅದೇ ತಿಂಗಳು ಹೈಡೆನ್‌ಹೈಮ್ 16ನೇ ತಂಡವಾಗಿ ಪ್ಲೇ-ಆಫ್ ಆಡಿ, ಎಲ್ವರ್ಸ್‌ಬರ್ಗ್ ಎದುರು ಎರಡನೇ ಪಂದ್ಯದ ಇಂಜುರಿ ಟೈಮ್‌ನಲ್ಲಿ ಹೊಡೆದ ಗೋಲಿನಿಂದ ತನ್ನ ಜಾಗ ಉಳಿಸಿಕೊಂಡಿತು. ನಮಸ್ಕಾರ.