ಸಮುದ್ರಕ್ಕೆ ಬೆನ್ನು ಹಾಕಿ ಕೂತಾಗ

ಕೇಳುಗರಿಗೆ ನಮಸ್ಕಾರ.

ಊರಿಂದ ನೆಂಟರು ಬಂದರೆ ನಾವು ಮುಂಬೈನವರು ಮೊದಲು ಕರೆದುಕೊಂಡು ಹೋಗುವುದು ಮರೀನ್ ಡ್ರೈವ್‌ಗೆ. ಬೋರಿವಲಿಯಲ್ಲಿ ಲೋಕಲ್ ಹತ್ತಿ ಚರ್ಚ್‌ಗೇಟಿನಲ್ಲಿ ಇಳಿದರೆ ಆಯಿತು, ಸಮುದ್ರ ಅಲ್ಲೇ. ಆಮೇಲೆ ಎಲ್ಲರದ್ದೂ ಒಂದೇ ಕೆಲಸ. ಕಟ್ಟೆ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡುವುದು. ನಾನೂ ಇಪ್ಪತ್ತು ವರ್ಷ ಅದನ್ನೇ ಮಾಡಿದೆ.

ಕಳೆದ ಭಾನುವಾರ ನಮ್ಮ ದೊಡ್ಡಮಾವ ಮಾತ್ರ ರಸ್ತೆ ಕಡೆ ತಿರುಗಿ ಕೂತರು. ‘ಮಾವ, ಸೂರ್ಯ ಈ ಕಡೆ’ ಅಂದೆ. ‘ಸೂರ್ಯ ಮಲ್ಪೆಯಲ್ಲೂ ಮುಳುಗ್ತಾನೆ ಮಾರಾಯ್ತಿ, ಇದನ್ನು ನೋಡು’ ಅಂದರು.

ತಿರುಗಿದೆ. ಕಟ್ಟಡಗಳ ಸಾಲಿಗೆ ಸಾಲೇ ಪಡುವಣಕ್ಕೆ ಮುಖ ಮಾಡಿದೆ, ಅಲ್ವಾ? ಸಂಜೆ ಬಿಸಿಲೆಲ್ಲ ಅವುಗಳ ಮೈಮೇಲೇ. ಸಮುದ್ರ ತುಂಬಿಸಿ ಮಾಡಿದ ನೆಲದಲ್ಲಿ 1930, 40ರ ದಶಕದಲ್ಲಿ ಎದ್ದ, ಆರ್ಟ್ ಡೆಕೊ ಅನ್ನುವ ಆ ಕಾಲದ ಹೊಸ ಶೈಲಿಯ ಮನೆಗಳು ಇವು. ಕಲ್ಲಿನ ಗೋಪುರಗಳ ಕಾಲ ಮುಗಿದು ಸಿಮೆಂಟು, ಕಬ್ಬಿಣದ ಕಾಲ ಬಂದಿತ್ತು. ಸಿಮೆಂಟನ್ನು ಬೇಕಾದ ಹಾಗೆ ಬಗ್ಗಿಸಬಹುದು. ಹಾಗಾಗಿ ಮೂಲೆಗಳೆಲ್ಲ ದುಂಡಗೆ, ಬಾಲ್ಕನಿಗಳು ಹಡಗಿನ ಡೆಕ್ಕಿನ ಹಾಗೆ. ಕೆಲವಕ್ಕೆ ಹಡಗಿನ ಗುಂಡು ಕಿಟಕಿಯೂ ಇದೆ. ನನಗೆ ತುಂಬಾ ಹಿಡಿಸಿದ್ದು ಕಿಟಕಿ ಮೇಲಿನ ಸಜ್ಜಾ. ಹುಬ್ಬು ತೀಡಿದ ಹಾಗೆ ಉದ್ದಕ್ಕೂ ಹೋಗಿ, ಮೂಲೆಯಲ್ಲಿ ಬಳುಕಿ ಆಚೆ ತಿರುಗುತ್ತದೆ. ಸುಮ್ನೆ ಚಂದಕ್ಕಲ್ಲ, ಮುಂಬೈ ಮಳೆಗೂ ಬಿಸಿಲಿಗೂ ಅದು ಬೇಕು.

2018ರಲ್ಲಿ ಯುನೆಸ್ಕೊ ಈ ಸಾಲನ್ನೂ ಹತ್ತಿರದ ಓವಲ್ ಮೈದಾನದ ಎರಡು ಬದಿಯ ಕಟ್ಟಡಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಉಪ್ಪು ಗಾಳಿಗೆ ಪಟ್ಟಿ ಗಿಟ್ಟಿ ಗೊತ್ತಿಲ್ಲ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಸಿಮೆಂಟು ಉದುರುತ್ತದೆ. ಎಷ್ಟೋ ಬಾಲ್ಕನಿಗಳಿಗೆ ಗಾಜು ಜಡಿದು ರೂಮು ಮಾಡಿಕೊಂಡಿದ್ದಾರೆ. ಮನೆ ಸಣ್ಣದು ಅನ್ನುವುದು ಅರ್ಥವಾಗುತ್ತದೆ. ಆದರೂ ಹೊಟ್ಟೆ ಉರಿಯುತ್ತದೆ.

ದೊಡ್ಡಮಾವ ಹುಡುಗನಾಗಿದ್ದಾಗ ಫೋರ್ಟಿನ ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದವರು. ಸಂಜೆ ಕನ್ನಡ ರಾತ್ರಿ ಶಾಲೆ. ಈ ಮನೆಗಳಿಗೆ ತಿಂಡಿ ಪಾರ್ಸೆಲ್ ತರುವುದೂ ಅವರ ಕೆಲಸವೇ. ಇಂಗ್ಲಿಷ್ ಇನ್ನೂ ಬರುತ್ತಿರಲಿಲ್ಲ. ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಹೆಸರನ್ನು ಕಾಗದದ ಚೀಟಿಯ ಜೊತೆ ಹೋಲಿಸಿ ನೋಡಿ ಮನೆ ಪತ್ತೆ ಮಾಡುತ್ತಿದ್ದರಂತೆ. ಎ, ಬಿ, ಸಿ ಕಲಿತದ್ದು ಜಾಸ್ತಿ ಇಲ್ಲಿಯೇ.

ದೀಪ ಹತ್ತುವ ಹೊತ್ತಿಗೆ ಅವರು ಎದುರಿನ ಗೋಡೆಗೆ ಬೆರಳು ತೋರಿಸಿ, ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ‘ಎಮ್, ಎ, ಎಚ್, ಎ, ಎಲ್...’